ಆರನೇ ಒಂದು ಭಾಗ ಎಂದರೆ ಪಾಠ ಮುಗಿಯಿತೇ?



'ಚಂದ್ರನ ಮೇಲೆ ವಸ್ತುವಿನ ತೂಕ ಭೂಮಿಯ ಮೇಲಿನ ತೂಕದ ಎಷ್ಟನೇ ಭಾಗ?' ನಮ್ಮ ಯಾವುದೇ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. 'ಆರನೇ ಒಂದು ಭಾಗ ಸಾರ್' ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಉತ್ತರ ಸರಿ. ಅಂಕವೂ ಸಿಗುತ್ತದೆ. ಅದೇ ಮಕ್ಕಳಿಗೆ ಈಗ ಇನ್ನೊಂದು ಪ್ರಶ್ನೆ ಕೇಳಿ: 'ಚಂದ್ರನ ಮೇಲೆ ನಡೆಯುವಾಗ ಕಲ್ಲು ಎಡವಿದರೆ ಬೆರಳಿಗೆ ಆಗುವ ನೋವು ಎಷ್ಟು?' ಬಹಳಷ್ಟು ಮಕ್ಕಳು ಅದಕ್ಕೂ 'ಆರನೇ ಒಂದು ಭಾಗ' ಎನ್ನುತ್ತಾರೆ. ಈ ಉತ್ತರ ತಪ್ಪು. ಅದೇ ವೇಗದಲ್ಲಿ ಕಾಲು ಬೀಸಿ ಅಷ್ಟೇ ದೊಡ್ಡ ಕಲ್ಲಿಗೆ ತಾಗಿಸಿಕೊಂಡರೆ ಅಲ್ಲಿಯೂ ಹೆಚ್ಚುಕಡಿಮೆ ಇಲ್ಲಿಯಷ್ಟೇ ನೋವಾಗುತ್ತದೆ.

ಮೊದಲ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ ಮಗು ಎರಡನೆಯದರಲ್ಲಿ ಎಡವಿದರೆ ಅದು ಮಗುವಿನ ದೋಷವಲ್ಲ. ನಾವು ಒಂದು ಸಂಖ್ಯೆಯನ್ನು ಕೊಟ್ಟೆವು, ಆ ಸಂಖ್ಯೆ ಎಲ್ಲಿಗೆ ಅನ್ವಯಿಸುತ್ತದೆ, ಎಲ್ಲಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಕೊಡಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: 'ಆರನೇ ಒಂದು' ಎಂಬುದನ್ನು ಪಾಠದ ಕೊನೆಯ ಸಾಲಾಗಿ ಕಲಿಸಬೇಡಿ, ಮೊದಲ ಸಾಲಾಗಿ ಕಲಿಸಿ. ಗುರುತ್ವದ ಪಾಠಕ್ಕೆ ಘರ್ಷಣೆಯ ಪಾಠವನ್ನು ಜೋಡಿಸಿ, ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿಸಿ. ಚಂದ್ರನಿಗೆ ಹೋದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದು ಆಗ ಮಕ್ಕಳಿಗೇ ಗೊತ್ತಾಗುತ್ತದೆ.

ಆ 'ಆರು' ಎಲ್ಲಿಂದ ಬಂತು?

ಮೊದಲು ಆರರ ಮೂಲವನ್ನೇ ನೋಡೋಣ. ಭೂಮಿಯ ದ್ರವ್ಯರಾಶಿ ಚಂದ್ರನ ದ್ರವ್ಯರಾಶಿಯ ಸುಮಾರು 81 ಪಟ್ಟು. ಹಾಗಿದ್ದರೆ ಚಂದ್ರನ ಮೇಲೆ ತೂಕ 81ನೇ ಒಂದು ಭಾಗ ಆಗಬೇಕಿತ್ತಲ್ಲ? ಚುರುಕು ಮಗು ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರ ಚಂದ್ರನ ಗಾತ್ರದಲ್ಲಿದೆ. ಭೂಮಿಯ ತ್ರಿಜ್ಯ ಸುಮಾರು 6,371 ಕಿ.ಮೀ., ಚಂದ್ರನದು ಸುಮಾರು 1,737 ಕಿ.ಮೀ. ಅಂದರೆ ಚಂದ್ರನ ಮೇಲೆ ನಿಂತವನು ಅದರ ಕೇಂದ್ರಕ್ಕೆ 3.67 ಪಟ್ಟು ಹತ್ತಿರ ಇರುತ್ತಾನೆ. ಗುರುತ್ವ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂದು ನ್ಯೂಟನ್ ತೋರಿಸಿದ್ದಾನೆ. 3.67ರ ವರ್ಗ ಸುಮಾರು 13.5. ಆದ್ದರಿಂದ ದ್ರವ್ಯರಾಶಿಯಿಂದ 81 ಪಟ್ಟು ನಷ್ಟ, ಹತ್ತಿರ ಇರುವುದರಿಂದ 13.5 ಪಟ್ಟು ಲಾಭ. 81ನ್ನು 13.5ರಿಂದ ಭಾಗಿಸಿ: ಉತ್ತರ 6! ಬಾಯಿಪಾಠದ ಆರು ಈಗ ಲೆಕ್ಕದ ಆರಾಯಿತು. ಭಾಗಾಕಾರ ಬಲ್ಲ ಏಳನೇ ತರಗತಿಯ ಮಗುವಿಗೆ ಇದು ಕಷ್ಟವೇನಲ್ಲ.

ಈ ಲೆಕ್ಕದಲ್ಲಿ ಗಾಳಿಯ ಮಾತೇ ಬರಲಿಲ್ಲ ಎಂಬುದನ್ನೂ ಮಕ್ಕಳ ಗಮನಕ್ಕೆ ತನ್ನಿ. 'ಚಂದ್ರನಲ್ಲಿ ಗಾಳಿ ಇಲ್ಲ, ಅದಕ್ಕೇ ಗುರುತ್ವ ಕಡಿಮೆ' ಎಂಬ ವಿವರಣೆಯನ್ನು ನಾನು ವಿಜ್ಞಾನ ಮೇಳಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದೇನೆ. ಗುರುತ್ವಕ್ಕೂ ಗಾಳಿಗೂ ಅಂಥ ಸಂಬಂಧವಿಲ್ಲ. 1971ರ ಆಗಸ್ಟ್ 2ರಂದು ಅಪೊಲೊ-15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆಯನ್ನೂ ಇನ್ನೊಂದು ಕೈಯಿಂದ ಡೇಗೆಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಗಾಳಿ ಇಲ್ಲದ್ದರಿಂದ ಗರಿ ತೇಲಲಿಲ್ಲ, ಗುರುತ್ವ ಇದ್ದುದರಿಂದ ಎರಡೂ ಬಿದ್ದವು.

ತಕ್ಕಡಿ ಏನು ಹೇಳುತ್ತದೆ?

ಅಂಗಡಿಯಲ್ಲಿ ಒಂದು ಕಿಲೋ ಬೆಲ್ಲ ತೂಗಿಸಿ ಚಂದ್ರನಿಗೆ ಒಯ್ದೆವು ಎನ್ನೋಣ. ಅಲ್ಲಿ ಎರಡು ತಟ್ಟೆಯ ತಕ್ಕಡಿಯಲ್ಲಿ ಬೆಲ್ಲವನ್ನು ಒಂದು ಕಡೆ, ಒಂದು ಕಿಲೋ ಬಟ್ಟನ್ನು ಇನ್ನೊಂದು ಕಡೆ ಇಟ್ಟರೆ ಮುಳ್ಳು ಎಲ್ಲಿ ನಿಲ್ಲುತ್ತದೆ? ನಡುವೆಯೇ ನಿಲ್ಲುತ್ತದೆ, ಏಕೆಂದರೆ ಬೆಲ್ಲವೂ ಹಗುರ, ಬಟ್ಟೂ ಹಗುರ. ಅದೇ ಬೆಲ್ಲವನ್ನು ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿದರೆ? ಭೂಮಿಯ ಮೇಲೆ 9.8 ನ್ಯೂಟನ್ ತೋರಿಸಿದ ತ್ರಾಸು ಅಲ್ಲಿ 1.6 ನ್ಯೂಟನ್ ಮಾತ್ರ ತೋರಿಸುತ್ತದೆ. ತಕ್ಕಡಿ ಅಳೆದದ್ದು ದ್ರವ್ಯರಾಶಿಯನ್ನು, ಅದು ಬದಲಾಗಲಿಲ್ಲ. ಸ್ಪ್ರಿಂಗ್ ತ್ರಾಸು ಅಳೆದದ್ದು ತೂಕವನ್ನು, ಅದು ಬದಲಾಯಿತು. ಹೀಗಿರುವಾಗ '60 ಕಿಲೋ ಮನುಷ್ಯ ಚಂದ್ರನ ಮೇಲೆ 10 ಕಿಲೋ ಆಗುತ್ತಾನೆ' ಎಂದು ಕಪ್ಪುಹಲಗೆಯ ಮೇಲೆ ಬರೆಯುವುದು ಸರಿಯೇ? ಅವನು ಅಲ್ಲಿಯೂ 60 ಕಿ.ಗ್ರಾಂ. ದ್ರವ್ಯರಾಶಿಯ ಮನುಷ್ಯನೇ. ಅವನ ತೂಕ 588 ನ್ಯೂಟನ್ನಿನಿಂದ 97 ನ್ಯೂಟನ್ನಿಗೆ ಇಳಿದಿದೆ, ಅಷ್ಟೆ.

ಈಗ ಘರ್ಷಣೆಯ ಸರದಿ

ಇಲ್ಲಿಯವರೆಗಿನದು ಪುಸ್ತಕದಲ್ಲಿದೆ. ಮಜಾ ಇರುವುದು ಮುಂದೆ. ಎರಡೇ ಸೂತ್ರ ಸಾಕು. ತೂಕ = ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ. ಸಮತಟ್ಟಾದ ನೆಲದ ಮೇಲೆ ಜಾರುವ ವಸ್ತುವಿಗೆ ಘರ್ಷಣೆ = ಘರ್ಷಣಾಂಕ × ತೂಕ. ಗುರುತ್ವ ವೇಗೋತ್ಕರ್ಷ ಭೂಮಿಯಲ್ಲಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಚಂದ್ರನಲ್ಲಿ 1.62 ಮೀಟರ್. ಘರ್ಷಣಾಂಕ ಎಂದರೆ ಒಂದಕ್ಕೊಂದು ಉಜ್ಜುವ ಎರಡು ಮೇಲ್ಮೈಗಳ ಒರಟುತನವನ್ನು ಸೂಚಿಸುವ ಸಂಖ್ಯೆ.

10 ಕಿ.ಗ್ರಾಂ. ದ್ರವ್ಯರಾಶಿಯ ಒಂದು ಮರದ ಪೆಟ್ಟಿಗೆ ಇರಲಿ. ಘರ್ಷಣಾಂಕ ಎರಡೂ ಕಡೆ 0.4 ಇರಲಿ. ಭೂಮಿಯಲ್ಲಿ ಪೆಟ್ಟಿಗೆಯ ತೂಕ 98 ನ್ಯೂಟನ್, ಘರ್ಷಣೆ 39.2 ನ್ಯೂಟನ್. ಚಂದ್ರನಲ್ಲಿ ತೂಕ 16.2 ನ್ಯೂಟನ್, ಘರ್ಷಣೆ ಸುಮಾರು 6.5 ನ್ಯೂಟನ್. ತೂಕ ಆರನೇ ಒಂದಕ್ಕೆ ಇಳಿದಾಗ ಘರ್ಷಣೆಯೂ ಆರನೇ ಒಂದಕ್ಕೆ ಇಳಿಯಿತು.

ಹಾಗಾದರೆ ಪೆಟ್ಟಿಗೆ ತಳ್ಳುವುದು ಆರು ಪಟ್ಟು ಸುಲಭವೇ? 50 ನ್ಯೂಟನ್ ಬಲದಿಂದ ತಳ್ಳಿ ನೋಡೋಣ. ಭೂಮಿಯಲ್ಲಿ ಘರ್ಷಣೆಗೆ 39.2 ಹೋಗಿ ಉಳಿಯುವುದು 10.8 ನ್ಯೂಟನ್. 10 ಕಿ.ಗ್ರಾಂ. ಪೆಟ್ಟಿಗೆಗೆ ಇದು ಕೊಡುವ ವೇಗೋತ್ಕರ್ಷ 1.08. ಚಂದ್ರನಲ್ಲಿ ಉಳಿಯುವುದು 43.5 ನ್ಯೂಟನ್, ವೇಗೋತ್ಕರ್ಷ 4.35. ಸುಮಾರು ನಾಲ್ಕು ಪಟ್ಟಾಯಿತು. 200 ನ್ಯೂಟನ್ ಬಲದಿಂದ ತಳ್ಳಿದರೆ? ಭೂಮಿಯಲ್ಲಿ 16.1, ಚಂದ್ರನಲ್ಲಿ 19.35. ಒಂದೂಕಾಲು ಪಟ್ಟೂ ಇಲ್ಲ! ಆರು ಎಲ್ಲಿಗೆ ಹೋಯಿತು? ಪೆಟ್ಟಿಗೆಯನ್ನು ಚಲಿಸುವಂತೆ ಮಾಡಲು ಎರಡು ಅಡ್ಡಿಗಳಿವೆ. ಒಂದು ಘರ್ಷಣೆ, ಅದು ತೂಕವನ್ನು ಅವಲಂಬಿಸಿದೆ. ಇನ್ನೊಂದು ಜಡತ್ವ, ಅದು ದ್ರವ್ಯರಾಶಿಯನ್ನು ಅವಲಂಬಿಸಿದೆ. ಚಂದ್ರ ಮೊದಲನೆಯದನ್ನು ಮಾತ್ರ ಕಡಿಮೆ ಮಾಡುತ್ತಾನೆ, ಎರಡನೆಯದನ್ನು ಮುಟ್ಟುವುದಿಲ್ಲ.

ನಿಲ್ಲಿಸುವಾಗ ಇನ್ನೂ ಸ್ವಾರಸ್ಯವಿದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಜಾರುತ್ತಿರುವ ಅದೇ ಪೆಟ್ಟಿಗೆಯನ್ನು ಕೈಬಿಟ್ಟರೆ ಭೂಮಿಯ ಮೇಲೆ ಸುಮಾರು ಅರ್ಧ ಮೀಟರ್ ಸಾಗಿ ನಿಲ್ಲುತ್ತದೆ. ಚಂದ್ರನ ಮೇಲೆ ಸುಮಾರು 3 ಮೀಟರ್ ಸಾಗಬೇಕು. ಇಲ್ಲಿ ಆರು ಪಟ್ಟು ಮತ್ತೆ ಬಂತು, ಆದರೆ ಈ ಸಲ ತೊಂದರೆಯಾಗಿ! ಗಗನಯಾತ್ರಿಗಳಿಗೆ ಇದು ಅನುಭವಕ್ಕೇ ಬಂದಿದೆ. 1969ರಲ್ಲಿ ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್, ನಿಲ್ಲಬೇಕಾದರೆ ಕೆಲವು ಹೆಜ್ಜೆ ಮುಂಚೆಯೇ ತಯಾರಾಗಬೇಕು ಎಂದು ಅಲ್ಲಿಂದಲೇ ವಿವರಿಸಿದ್ದರು. ಲೆಕ್ಕ ನೋಡಿ: 75 ಕಿ.ಗ್ರಾಂ. ಮನುಷ್ಯ, ಮೈಮೇಲೆ ಸುಮಾರು 90 ಕಿ.ಗ್ರಾಂ. ಉಡುಪು ಮತ್ತು ಬೆನ್ನುಚೀಲ. ಒಟ್ಟು 165 ಕಿ.ಗ್ರಾಂ. ಅಲ್ಲಿ ಅದರ ತೂಕ 267 ನ್ಯೂಟನ್. ಭೂಮಿಯಲ್ಲಿ 27 ಕಿ.ಗ್ರಾಂ. ಹುಡುಗನಿಗೆ ಇರುವಷ್ಟೇ ತೂಕ! ಕಾಲು ನೆಲವನ್ನು ಹಿಡಿಯುವುದು ಆ ಹುಡುಗನಷ್ಟು, ನಿಲ್ಲಿಸಬೇಕಾದ ಜಡತ್ವ ಇಬ್ಬರು ದೊಡ್ಡವರಷ್ಟು. ಥಟ್ಟನೆ ನಿಲ್ಲಲು ಹೇಗೆ ಸಾಧ್ಯ?

ಎತ್ತಿನ ಗಾಡಿಯ ಪ್ರಶ್ನೆ

ಒಂದು ಮೇಳದಲ್ಲಿ ಆರನೇ ತರಗತಿಯ ಹುಡುಗನೊಬ್ಬ, 'ಚಂದ್ರನ ಮೇಲೆ ಎತ್ತುಗಳು ಆರು ಪಟ್ಟು ಹೊರೆ ಎಳೆಯುತ್ತವೆಯೇ?' ಎಂದು ಕೇಳಿದ. ಸುತ್ತಲಿದ್ದವರು ನಕ್ಕರು. ನಗುವಂಥ ಪ್ರಶ್ನೆ ಅದಲ್ಲ. ಅಲ್ಲಿ ಎತ್ತಿಗೆ ಉಸಿರಾಡಲು ಗಾಳಿ ಇಲ್ಲ ಎಂಬುದನ್ನು ಬದಿಗಿಟ್ಟು ಬಲದ ಲೆಕ್ಕವನ್ನಷ್ಟೇ ನೋಡೋಣ.

ಜೋಡಿ ಎತ್ತುಗಳ ದ್ರವ್ಯರಾಶಿ 800 ಕಿ.ಗ್ರಾಂ., ಹೊರೆ ಸಮೇತ ಗಾಡಿ 1,000 ಕಿ.ಗ್ರಾಂ. ಇರಲಿ. ಗೊರಸಿನ ಹಿಡಿತ ಎತ್ತುಗಳ ತೂಕದ ಅರ್ಧ, ಚಕ್ರ ಉರುಳಲು ಬೇಕಾದ ಬಲ ಗಾಡಿಯ ತೂಕದ ಇಪ್ಪತ್ತನೇ ಒಂದು ಭಾಗ ಎಂದು ಇಟ್ಟುಕೊಳ್ಳೋಣ. ಭೂಮಿಯಲ್ಲಿ ಗಾಡಿಗೆ ಬೇಕಾದ ಬಲ 490 ನ್ಯೂಟನ್, ಗೊರಸು ಜಾರದೆ ಕೊಡಬಲ್ಲ ಗರಿಷ್ಠ ಬಲ 3,920 ನ್ಯೂಟನ್. ಎಂಟು ಪಟ್ಟು. ಚಂದ್ರನಲ್ಲಿ ಗಾಡಿಗೆ ಬೇಕಾದ ಬಲ ಬರೀ 81 ನ್ಯೂಟನ್! ಆದರೆ ಗೊರಸಿನ ಹಿಡಿತವೂ 648 ನ್ಯೂಟನ್ನಿಗೆ ಇಳಿಯಿತು. ಅದೇ ಎಂಟು ಪಟ್ಟು. ಹಿಡಿತದ ದೃಷ್ಟಿಯಿಂದ ಎತ್ತುಗಳಿಗೆ ಲಾಭವೇ ಇಲ್ಲ. ಗಾಡಿಯನ್ನು ನಿಂತಲ್ಲಿಂದ ಹೊರಡಿಸುವಾಗಲಂತೂ ನಷ್ಟ, ಏಕೆಂದರೆ 1,800 ಕಿ.ಗ್ರಾಂ. ಜಡತ್ವ ಹಾಗೆಯೇ ಉಳಿದಿದೆ, ಹಿಡಿತ ಆರನೇ ಒಂದಾಗಿದೆ.

ಹಾಗಾದರೆ ಚಂದ್ರನಲ್ಲಿ ಪೂರ್ತಿ ಆರು ಪಟ್ಟು ಲಾಭ ಸಿಗುವುದು ಯಾವ ಕೆಲಸಕ್ಕೆ? ನಿಧಾನವಾಗಿ ಮೇಲಕ್ಕೆ ಎತ್ತುವ ಕೆಲಸಕ್ಕೆ. 50 ಕಿ.ಗ್ರಾಂ. ಅಕ್ಕಿ ಮೂಟೆಯನ್ನು ಎತ್ತಿ ಹಿಡಿಯಲು ಇಲ್ಲಿ 490 ನ್ಯೂಟನ್ ಬೇಕು, ಅಲ್ಲಿ 81 ಸಾಕು. ಆ ಹುಡುಗನ ಪ್ರಶ್ನೆಯಿಂದ ಎಷ್ಟು ದೂರ ಬಂದೆವು ನೋಡಿ. ಬಿಟ್ಟ ಸ್ಥಳ ತುಂಬುವ ಪ್ರಶ್ನೆ ನಮ್ಮನ್ನು ಇಷ್ಟು ದೂರ ಕರೆತರುತ್ತಿತ್ತೇ?

ಬೆಂಕಿಪೊಟ್ಟಣದಲ್ಲಿ ಚಂದ್ರ

ಇದೆಲ್ಲ ಬರೀ ಕಾಗದದ ಮೇಲಿನ ಲೆಕ್ಕ, ಚಂದ್ರನನ್ನು ತರಗತಿಗೆ ತರಲಾದೀತೇ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ತರಬಹುದು. ಖರ್ಚೂ ಇಲ್ಲ.

ಮೊದಲ ಪ್ರಯೋಗ. ಒಂದು ಹಲಗೆ, ಒಂದು ಖಾಲಿ ಬೆಂಕಿಪೊಟ್ಟಣ, ಕೆಲವು ಸಣ್ಣ ಕಲ್ಲುಗಳು, ಒಂದು ಅಳತೆಪಟ್ಟಿ. ಪೊಟ್ಟಣವನ್ನು ಹಲಗೆಯ ಮೇಲಿಟ್ಟು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಪೊಟ್ಟಣ ಜಾರತೊಡಗಿದಾಗ ತುದಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಈಗ ಪೊಟ್ಟಣದೊಳಗೆ ಕಲ್ಲು ತುಂಬಿ ಮತ್ತೆ ಮಾಡಿ. 'ಭಾರ ಆಗಿದೆ, ಬೇಗ ಜಾರುತ್ತದೆ' ಎಂದು ಕೆಲವರು, 'ಭಾರ ಆಗಿದೆ, ಜಾರುವುದೇ ಇಲ್ಲ' ಎಂದು ಕೆಲವರು ಪಂಥ ಕಟ್ಟುತ್ತಾರೆ. ಕಟ್ಟಲಿ ಬಿಡಿ. ಪೊಟ್ಟಣ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಜಾರುತ್ತದೆ! ಕೆಳಕ್ಕೆ ಎಳೆಯುವ ಬಲವೂ ಹಿಡಿದು ನಿಲ್ಲಿಸುವ ಘರ್ಷಣೆಯೂ ತೂಕದ ಜೊತೆಗೆ ಒಂದೇ ಪ್ರಮಾಣದಲ್ಲಿ ಹೆಚ್ಚಿದ್ದರಿಂದ ಹೀಗಾಯಿತು. ಈಗ ಕೇಳಿ: 'ತೂಕ ಆರು ಪಟ್ಟು ಕಡಿಮೆಯಾದರೆ ಏನಾಗುತ್ತದೆ?' ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ, ಜಾರುವ ಇಳಿಜಾರು ಬದಲಾಗುವುದಿಲ್ಲ. ಘರ್ಷಣಾಂಕ ಅದೇ ಇದ್ದರೆ ಚಂದ್ರನ ಮೇಲೂ ಪೊಟ್ಟಣ ಇದೇ ಇಳಿಜಾರಿನಲ್ಲಿ ಜಾರುತ್ತದೆ. ನಮ್ಮ ಹಳ್ಳಿಯ ಶಾಲೆಯ ಮಗು ಬೆಂಕಿಪೊಟ್ಟಣ ಹಿಡಿದು ಚಂದ್ರನ ಬಗ್ಗೆ ಒಂದು ನಿಜವನ್ನು ತಾನೇ ಕಂಡುಹಿಡಿದಂತಾಯಿತು. ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಎರಡನೇ ಪ್ರಯೋಗಕ್ಕೆ ಜೋಕಾಲಿ ಬೇಕು. ಪುಸ್ತಕ ತುಂಬಿದ ಚೀಲವನ್ನು ನೆಲದ ಮೇಲೆ ತಳ್ಳಿಸಿ. ನಂತರ ಅದೇ ಚೀಲವನ್ನು ಜೋಕಾಲಿಯ ಮೇಲಿಟ್ಟು ತಳ್ಳಿಸಿ. ತೂಕವನ್ನು ಹಗ್ಗ ಹೊತ್ತಿದೆ, ನೆಲದ ಘರ್ಷಣೆ ಇಲ್ಲ. ಆದರೂ ಚೀಲವನ್ನು ಥಟ್ಟನೆ ವೇಗಕ್ಕೆ ತರಲು, ವೇಗದಲ್ಲಿ ಬರುವ ಚೀಲವನ್ನು ಥಟ್ಟನೆ ತಡೆಯಲು ಕೈಗೆ ಶ್ರಮ ಆಗಿಯೇ ಆಗುತ್ತದೆ. ಖಾಲಿ ಚೀಲಕ್ಕೂ ತುಂಬಿದ ಚೀಲಕ್ಕೂ ಇರುವ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಇದೇ ಜಡತ್ವ. ಚಂದ್ರನಿಗೆ ಹೋದರೂ ಬಿಡದೆ ಜೊತೆಗೆ ಬರುವುದು ಇದೇ.

ಈ ಉಪಾಯವನ್ನು ಮಕ್ಕಳಾಟ ಎಂದುಕೊಳ್ಳಬೇಡಿ. ಚಂದ್ರಯಾನ-2ರ ರೋವರನ್ನು ಪರೀಕ್ಷಿಸುವಾಗ ನಮ್ಮ ಇಸ್ರೊ ವಿಜ್ಞಾನಿಗಳು ಹೀಲಿಯಂ ತುಂಬಿದ ಬಲೂನಿನಿಂದ ರೋವರನ್ನು ಮೇಲಕ್ಕೆ ಎಳೆದು, ಚಕ್ರಗಳ ಮೇಲೆ ಬೀಳುವ ಭಾರವನ್ನು ಚಂದ್ರನಲ್ಲಿ ಇರುವಷ್ಟಕ್ಕೆ ಇಳಿಸಿದ್ದರು. ಚಂದ್ರನ ಮಣ್ಣಿನಂಥ ಮಣ್ಣಿಗಾಗಿ ತಮಿಳುನಾಡಿನ ಸೇಲಂ ಕಡೆಯ ಅನಾರ್ಥೊಸೈಟ್ ಶಿಲೆಯನ್ನು ತರಿಸಿ ಪುಡಿ ಮಾಡಿಸಿದ್ದರು. ಜೋಕಾಲಿಯ ಹಗ್ಗ ಮಾಡುವ ಕೆಲಸವನ್ನೇ ಅಲ್ಲಿ ಬಲೂನು ಮಾಡಿತು. ಇಷ್ಟೆಲ್ಲ ಏಕೆ? 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದ ಮೇಲೆ ಹೊರಬಂದ ಪ್ರಜ್ಞಾನ್ ರೋವರಿನ ದ್ರವ್ಯರಾಶಿ 26 ಕಿ.ಗ್ರಾಂ. ಭೂಮಿಯಲ್ಲಿ ಅದರ ತೂಕ 255 ನ್ಯೂಟನ್, ಚಂದ್ರನಲ್ಲಿ 42 ನ್ಯೂಟನ್. ಆರು ಚಕ್ರಗಳಿಗೆ ಹಂಚಿದರೆ ಚಕ್ರಕ್ಕೆ 7 ನ್ಯೂಟನ್. ಭೂಮಿಯಲ್ಲಿ ಮುಕ್ಕಾಲು ಲೀಟರಿಗೂ ಕಡಿಮೆ ನೀರಿನ ತೂಕ! ಅಷ್ಟು ಕಡಿಮೆ ಭಾರದಲ್ಲಿ ಚಕ್ರ ಸಡಿಲ ಮಣ್ಣನ್ನು ಹಿಡಿಯಬೇಕು. ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಅದು ಸುಮಾರು 100 ಮೀಟರ್ ಸಾಗಿತು. ಟಿ.ವಿ.ಯಲ್ಲಿ ಚಪ್ಪಾಳೆ ತಟ್ಟಿದ ನಮ್ಮ ಮಕ್ಕಳಿಗೆ ಈ 42 ನ್ಯೂಟನ್ನಿನ ಲೆಕ್ಕವನ್ನೂ ಮಾಡಿಸಬೇಡವೇ?

ಒಂದು ಎಚ್ಚರಿಕೆ

ನಮ್ಮ ಲೆಕ್ಕದಲ್ಲಿ ಘರ್ಷಣಾಂಕ ಎರಡೂ ಕಡೆ ಒಂದೇ ಎಂದು ಊಹಿಸಿದೆವು. ಅದು ಊಹೆ ಎಂಬುದನ್ನು ಮಕ್ಕಳಿಗೆ ಹೇಳಿ. ಚಂದ್ರನ ಮೇಲೆ ನಿರ್ವಾತ. ಅಲ್ಲಿ ಲೋಹದ ಮೇಲ್ಮೈಗಳ ನಡುವೆ ಗಾಳಿ, ತೇವಾಂಶಗಳ ತೆಳು ಪದರ ಇರುವುದಿಲ್ಲ. ಶುದ್ಧ ಲೋಹಗಳು ಒಂದಕ್ಕೊಂದು ಅಂಟಿಕೊಳ್ಳಲೂಬಹುದು. ಮಾಮೂಲಿ ಎಣ್ಣೆ ಆವಿಯಾಗುತ್ತದೆ. ಇಲ್ಲಿ ಚೆನ್ನಾಗಿ ಜಾರುವ ಗ್ರಾಫೈಟ್ ತೇವಾಂಶವಿಲ್ಲದೆ ಕೈಕೊಡುತ್ತದೆ. ಅದಕ್ಕೇ ವ್ಯೋಮನೌಕೆಗಳಲ್ಲಿ ಮಾಲಿಬ್ಡಿನಂ ಡೈಸಲ್ಫೈಡಿನಂಥ ಬೇರೆ ಕೀಲೆಣ್ಣೆ ಪುಡಿ ಬಳಸುತ್ತಾರೆ. ಅಲ್ಲಿನ ದೂಳಿನ ಕಣಗಳನ್ನು ಗಾಳಿ, ನೀರು ಸವೆಸಿಲ್ಲ, ಆದ್ದರಿಂದ ಅವು ಚೂಪಾಗಿವೆ. ಸಡಿಲ ಮಣ್ಣಿನಲ್ಲಿ ಹೂತು ಉರುಳುವ ಚಕ್ರಕ್ಕೆ ನಮ್ಮ ಸರಳ ಸೂತ್ರ ಪೂರ್ತಿ ಸಾಲದು. 'ಲೆಕ್ಕದ ಉತ್ತರ ನಮ್ಮ ಊಹೆಯಷ್ಟೇ ಗಟ್ಟಿ' ಎಂಬ ಅರಿವೂ ವಿಜ್ಞಾನವೇ.

ಸಮಯ ಎಲ್ಲಿದೆ?

ಸಮಾಲೋಚನಾ ಸಭೆಗಳಲ್ಲಿ ಇದನ್ನು ಹೇಳಿದಾಗಲೆಲ್ಲ ಎರಡು ಆಕ್ಷೇಪಣೆ ಬರುತ್ತವೆ. ಮೊದಲನೆಯದು, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇದು ಹೆಚ್ಚಾಯಿತು, ಹೈಸ್ಕೂಲಿನಲ್ಲಿ ನೋಡಿಕೊಳ್ಳುತ್ತಾರೆ ಎಂಬುದು. ಮೇಲಿನ ಲೆಕ್ಕಗಳಲ್ಲಿ ಬಹುಪಾಲು ಗುಣಾಕಾರ, ಭಾಗಾಕಾರ, ದಶಮಾಂಶ ಇಷ್ಟೇ. ಇವು ಏಳನೇ ತರಗತಿಯ ಗಣಿತವೇ. ವೇಗೋತ್ಕರ್ಷ ಕಷ್ಟ ಎನಿಸಿದರೆ ಬಿಡಿ, ಬಲದ ಲೆಕ್ಕವನ್ನಷ್ಟೇ ಮಾಡಿಸಿ. ಐದನೇ ತರಗತಿಗೆ ಬೆಂಕಿಪೊಟ್ಟಣ ಮತ್ತು ಜೋಕಾಲಿ ಸಾಕು, ಸಂಖ್ಯೆ ಬೇಡ. ಇನ್ನು ಹೈಸ್ಕೂಲಿನ ಮಾತು. ತೂಕ ಮತ್ತು ದ್ರವ್ಯರಾಶಿ ಎರಡೂ ಒಂದೇ ಎಂದು ಗಟ್ಟಿಯಾಗಿ ನಂಬಿಕೊಂಡು ಹೋದ ಮಗು ಅಲ್ಲಿ ಮೊದಲು ಅದನ್ನು ಮರೆಯಬೇಕು, ಆಮೇಲೆ ಕಲಿಯಬೇಕು. ಎಷ್ಟೋ ಮಕ್ಕಳು 'ವಿಜ್ಞಾನ ನನಗೆ ಹತ್ತುವುದಿಲ್ಲ' ಎಂದು ಕೈಚೆಲ್ಲುವುದು ಅಲ್ಲಿಯೇ. ನಮ್ಮ ಸರ್ಕಾರಿ ಶಾಲೆಯ ಮಗುವಿಗೆ ಮನೆಪಾಠದ ಆಸರೆ ಇಲ್ಲ. ನಾವು ಬಿಟ್ಟದ್ದನ್ನು ತುಂಬಿಕೊಡುವವರು ಅದಕ್ಕೆ ಬೇರೆ ಯಾರೂ ಇಲ್ಲ.

ಎರಡನೆಯದು ಸಮಯ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳ ಕಷ್ಟ ನನಗೆ ಗೊತ್ತು. ಆದರೆ ಗುರುತ್ವಕ್ಕೊಂದು, ಘರ್ಷಣೆಗೊಂದು ಎಂದು ಬೇರೆ ಬೇರೆ ಅವಧಿ ಹೇಗೂ ಕೊಡುತ್ತೇವೆ. ಅವನ್ನೇ ಜೋಡಿಸಿ ಎನ್ನುತ್ತಿದ್ದೇನೆ, ಹೊಸ ಅವಧಿ ಕೇಳುತ್ತಿಲ್ಲ. ಬೆಂಕಿಪೊಟ್ಟಣದ ಪ್ರಯೋಗಕ್ಕೆ ಇಪ್ಪತ್ತು ನಿಮಿಷ ಸಾಕು. ದೊಡ್ಡ ಮಕ್ಕಳು ಮಾಡುವಾಗ ಚಿಕ್ಕವರು ನೋಡಲಿ.

ಪ್ರಶ್ನೆ ಪತ್ರಿಕೆಯಿಂದಲೇ ಆರಂಭಿಸೋಣ

ಪರೀಕ್ಷೆಯಲ್ಲಿ ಏನು ಕೇಳುತ್ತೇವೋ ಅದನ್ನೇ ಮಕ್ಕಳು ಕಲಿಯುತ್ತಾರೆ. ನಾವೂ ಅದನ್ನೇ ಕಲಿಸುತ್ತೇವೆ. ಆದ್ದರಿಂದ ಮುಂದಿನ ಕಿರುಪರೀಕ್ಷೆಯಲ್ಲಿ ಬಿಟ್ಟ ಸ್ಥಳದ ಬದಲು ಈ ಪ್ರಶ್ನೆ ಕೊಟ್ಟು ನೋಡಿ: 'ಚಂದ್ರನ ಮೇಲೆ ಈ ಕೆಲಸಗಳಲ್ಲಿ ಯಾವುದು ಸುಲಭ, ಯಾವುದು ಕಷ್ಟ, ಯಾವುದು ಇಲ್ಲಿಯಂತೆಯೇ? ಕಾರಣ ಕೊಡಿ. ಕೊಡಪಾನ ಎತ್ತುವುದು, ಓಡುತ್ತಾ ಬಂದು ಥಟ್ಟನೆ ನಿಲ್ಲುವುದು, ತಕ್ಕಡಿಯಲ್ಲಿ ಬೆಲ್ಲ ತೂಗುವುದು, ಇಳಿಜಾರಿನಲ್ಲಿ ಪೆಟ್ಟಿಗೆ ಜಾರದಂತೆ ಇಡುವುದು.' ಉತ್ತರ ತಪ್ಪಿದ್ದರೂ ಕಾರಣ ಕೊಟ್ಟ ಮಗುವಿಗೆ ಅರ್ಧ ಅಂಕ ಕೊಡಿ. ಕಾರಣವಿಲ್ಲದೆ ಉತ್ತರ ಸರಿ ಬರೆದ ಮಗುವಿಗೂ ಅರ್ಧವೇ ಕೊಡಿ. ಉತ್ತರ ಪತ್ರಿಕೆಗಳನ್ನು ತಿದ್ದಿದ ಮೇಲೆ ಮಾರನೆಯ ದಿನ ಅವುಗಳಲ್ಲಿ ಬಂದ ಬೇರೆ ಬೇರೆ ಕಾರಣಗಳನ್ನು, ಬರೆದವರ ಹೆಸರು ಹೇಳದೆ, ತರಗತಿಯಲ್ಲಿ ಗಟ್ಟಿಯಾಗಿ ಓದಿ. ಸರಿ ತಪ್ಪುಗಳನ್ನು ಮಕ್ಕಳೇ ವಾದ ಮಾಡಿ ತೀರ್ಮಾನಿಸಲಿ.